ಎತ್ತು ಏರಿಗೆ, ಕೋಣ ನೀರಿಗೆ: ಪಾರ್ಕಿನ್ಸನ್ ಜೊತೆ ಮರೆವೂ ಬಂದಾಗ ಮಾತ್ರೆಗಳ ಲೆಕ್ಕ

ಬೆಳಗ್ಗೆ ಏಳು ಗಂಟೆ. ಹಾಸಿಗೆಯ ಅಂಚಿನಲ್ಲಿ ಕೂತ ಹಿರಿಯರೊಬ್ಬರು ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಾರೆ. ಬೆರಳು ಗುಂಡಿಯನ್ನು ಹಿಡಿದಿದೆ. ಕಾಜದ ಹತ್ತಿರವೂ ಬಂದಿದೆ. ಅಲ್ಲಿಂದ ಮುಂದೆ ಹೋಗುತ್ತಿಲ್ಲ. ಏನು ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಕೈ ಮಾತು ಕೇಳುತ್ತಿಲ್ಲ, ಅಷ್ಟೇ. ಆರೂವರೆಗೆ ನುಂಗಿದ ಮಾತ್ರೆ ಇನ್ನೂ ಕೆಲಸ ಶುರು ಮಾಡಿಲ್ಲ. ಏಳೂಕಾಲರ ಹೊತ್ತಿಗೆ ಬೆರಳುಗಳು ತಾವಾಗೇ ಸಡಿಲವಾಗುತ್ತವೆ. ಉಳಿದ ನಾಲ್ಕು ಗುಂಡಿಯನ್ನು ಸಲೀಸಾಗಿ ಹಾಕಿಕೊಂಡು ಎದ್ದು ನಡೆಯುತ್ತಾರೆ.

ಸಂಜೆ ಅದೇ ಹಿರಿಯರು ಕೋಣೆಯ ಮೂಲೆ ತೋರಿಸಿ ಮಗಳನ್ನು ಕೇಳುತ್ತಾರೆ: "ಆ ಮಗು ಯಾರದಮ್ಮಾ? ಆಗ್ಲಿಂದ ಅಲ್ಲೇ ನಿಂತಿದೆ. ಕೂತ್ಕೋ ಅಂತ ಹೇಳಬಾರದಾ?" ಮೂಲೆಯಲ್ಲಿ ಯಾರೂ ಇಲ್ಲ.

ಬೆಳಗ್ಗೆ ಗುಂಡಿ ಹಾಕಿಸಿದ ಮಾತ್ರೆಗೂ ಸಂಜೆ ಕಂಡ ಮಗುವಿಗೂ ನಂಟು ಇರಬಹುದು. ಕೈ ನಡುಗಿಸಿ ಮೈ ಬಿಗಿಸುವ ಪಾರ್ಕಿನ್ಸನ್ ಕಾಯಿಲೆಯ ಜೊತೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಸೇರಿಕೊಂಡ ಮನೆಗಳಲ್ಲಿ ತುಂಬಾ ಕಾಡುವ ವಿಷಯ ಇದು. ಮೈ ಸಡಿಲ ಮಾಡುವ ಔಷಧಿ ತಲೆಯನ್ನು ಗೊಂದಲಕ್ಕೆ ನೂಕಬಹುದು. ತಲೆಗೆ ತಿಳಿ ಕೊಡುವ ಔಷಧಿ ಕೈ ನಡುಕ ಹೆಚ್ಚಿಸಬಹುದು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಇಂಥ ಜೋಡಿಯನ್ನು ಒಂದೇ ನೊಗಕ್ಕೆ ಕಟ್ಟಿ ನಡೆಸುವಾಗ ಹೊಸ ಮಾತ್ರೆ ಸೇರಿಸುವುದಕ್ಕಿಂತ, ಇರುವುದರಲ್ಲಿ ಯಾವುದನ್ನು ಮೊದಲು ತೆಗೆಯಬೇಕು ಅನ್ನುವುದು ದೊಡ್ಡ ಪ್ರಶ್ನೆಯಾಗುತ್ತದೆ. ಮನೆಯವರಿಗೆ ಇದು ಅರ್ಥವಾಗಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಎಳೆದಾಟ ಯಾಕೆ ಅಂತ ತಿಳಿಯಬೇಕಾದರೆ ಮೊದಲು ಡೋಪಮಿನ್ ಕಥೆ ನೋಡಬೇಕು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಕೈ ನಡುಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ ಅಂತ ಕಣ್ಣಿಗೆ ಕಂಡದ್ದನ್ನು ಬರೆದಿದ್ದರು. ಒಳಗೆ ಏನಾಗುತ್ತಿದೆ ಅಂತ ತಿಳಿಯಲು ಇನ್ನೂ 140 ವರ್ಷ ಬೇಕಾಯಿತು. ಮೆದುಳಿನ ಬುಡದಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನುವ ಕಪ್ಪು ಬಣ್ಣದ ಜಾಗ ಇದೆ. ಅಲ್ಲಿಯ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ನಡೆಸುವ ಭಾಗಕ್ಕೆ ಕಳಿಸುತ್ತವೆ. ಪಾರ್ಕಿನ್ಸನ್ ಅಂದರೆ ಈ ಕೋಶಗಳು ಒಂದೊಂದಾಗಿ ಸಾಯುವುದು. ಕೈ ನಡುಗಿ ನಾವು ಗಮನಿಸುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ.

ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮಾಡಿದ ಒಂದು ಪ್ರಯೋಗ ಇಲ್ಲಿ ಮುಖ್ಯ. ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ನಮ್ಮ ಸರ್ಪಗಂಧ ಗಿಡದ ಬೇರಿನಿಂದ ಬರುವ, ಮೆದುಳಿನ ಡೋಪಮಿನ್ ಬರಿದು ಮಾಡುವ ಔಷಧಿ ಅದು. ಮೊಲಗಳು ಕಿವಿ ಜೋತುಬಿಟ್ಟು, ಕೂತ ಕಡೆ ಅಲ್ಲಾಡದೆ ಕೂತವು. ಆಮೇಲೆ, ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಕೊಟ್ಟರು. ಸ್ವಲ್ಪ ಹೊತ್ತಿಗೇ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದಲ್ಲಿ ಓಲೆ ಹಾರ್ನಿಕೀವಿಚ್ ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿ, ಅಲ್ಲಿ ಡೋಪಮಿನ್ ತೀರಾ ಕಡಿಮೆ ಇರುವುದನ್ನು ತೋರಿಸಿದರು. ಮರುವರ್ಷವೇ ಅವರೂ ವೈದ್ಯ ವಾಲ್ಟರ್ ಬಿರ್ಕ್‌ಮೇಯರ್ ಕೂಡ ಸೇರಿ ರೋಗಿಗಳಿಗೆ ಲೆವೊಡೋಪಾ ಚುಚ್ಚುಮದ್ದು ಕೊಟ್ಟು ನೋಡಿದರು. ಏಳಲಾಗದವರು ಎದ್ದರು. ಆದರೆ ಆ ಗುಣ ಜಾಸ್ತಿ ಹೊತ್ತು ನಿಲ್ಲಲಿಲ್ಲ. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಅದನ್ನು ಬಾಯಿಯ ಮೂಲಕ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಕೊಡುವ ದಾರಿ ಕಂಡುಕೊಂಡ ಮೇಲೆ ಅದು ದಿನನಿತ್ಯದ ಔಷಧಿಯಾಯಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು. ಇಷ್ಟು ವರ್ಷವಾದರೂ ಲೆವೊಡೋಪಾಗಿಂತ ಚೆನ್ನಾಗಿ ಕೆಲಸ ಮಾಡುವ ಪಾರ್ಕಿನ್ಸನ್ ಮಾತ್ರೆ ಇನ್ನೂ ಬಂದಿಲ್ಲ.

ಡೋಪಮಿನ್ ಕಮ್ಮಿ ಇದ್ದರೆ ಡೋಪಮಿನ್ನನ್ನೇ ಕೊಡಬಹುದಲ್ವಾ? ಕೊಟ್ಟರೂ ಅದು ಮೆದುಳಿನ ಒಳಗೆ ಹೋಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿ ಬೇಲಿ ಇದೆ. ಡೋಪಮಿನ್‌ಗೆ ಅಲ್ಲಿ ಪ್ರವೇಶ ಇಲ್ಲ. ಲೆವೊಡೋಪಾ ಒಂದು ಅಮೈನೋ ಆಮ್ಲ. ಊಟದ ಪ್ರೋಟೀನ್‌ನಿಂದ ಬರುವ ಅಮೈನೋ ಆಮ್ಲಗಳನ್ನು ಒಳಗೆ ಬಿಡುವ ಬಾಗಿಲಲ್ಲೇ ಇದೂ ನುಸುಳುತ್ತದೆ. ಒಳಗೆ ಹೋದ ಮೇಲೆ ಡೋಪಮಿನ್ ಆಗುತ್ತದೆ.

ಮೊದಮೊದಲು ಇದರಲ್ಲಿ ಒಂದು ತೊಡಕಿತ್ತು. ಬಾಗಿಲು ಮುಟ್ಟುವ ಮೊದಲೇ, ಹೊಟ್ಟೆ ಕರುಳು ರಕ್ತದಲ್ಲೇ ಬಹುಪಾಲು ಲೆವೊಡೋಪಾ ಡೋಪಮಿನ್ ಆಗಿಬಿಡುತ್ತಿತ್ತು. ರೋಗಿಗೆ ವಾಂತಿಯೋ ವಾಂತಿ. ಅದಕ್ಕೇ ಜೊತೆಗೆ ಕಾರ್ಬಿಡೋಪಾ ಅಥವಾ ಬೆನ್ಸೆರಾಜೈಡ್ ಸೇರಿಸಿದರು. ಇವು ಮೆದುಳಿನ ಹೊರಗೆ ಆಗುವ ಬದಲಾವಣೆಯನ್ನು ತಡೆಯುತ್ತವೆ. ತಾವು ಮಾತ್ರ ಬೇಲಿ ದಾಟುವುದಿಲ್ಲ. ಬೇಕಾಗುವ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಇಳಿಯಿತು. ಸಿನೆಮೆಟ್ ಅನ್ನುವ ಹಳೆಯ ಬ್ರ್ಯಾಂಡ್ ಹೆಸರಿಗೆ ಅರ್ಥವೇ 'ವಾಂತಿ ಇಲ್ಲದೆ' ಅಂತ. ಮಾತ್ರೆಯ ಪಟ್ಟಿಯ ಮೇಲೆ 100/25 ಅಂತ ಬರೆದಿದ್ದರೆ 100 ಮಿಲಿಗ್ರಾಂ ಲೆವೊಡೋಪಾ, 25 ಮಿಲಿಗ್ರಾಂ ಕಾರ್ಬಿಡೋಪಾ ಅಂತ ಅರ್ಥ. ಕೆಲವು ಕಂಪನಿಗಳು ಇದನ್ನೇ ತಿರುಗಿಸಿ 25/100 ಅಂತ ಬರೆಯುತ್ತವೆ. ಎರಡೂ ಒಂದೇ.

ಬಾಗಿಲು ಒಂದೇ ಆದ್ದರಿಂದ ಇನ್ನೊಂದು ವಿಷಯ ಗಮನದಲ್ಲಿರಬೇಕು. ಪ್ರೋಟೀನ್ ಜಾಸ್ತಿ ಇರುವ ಊಟದ ಜೊತೆ ಮಾತ್ರೆ ನುಂಗಿದರೆ ಅಮೈನೋ ಆಮ್ಲಗಳ ನೂಕುನುಗ್ಗಲಿನಲ್ಲಿ ಲೆವೊಡೋಪಾ ಹಿಂದೆ ಬೀಳುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ತಗೊಳ್ಳಿ ಅಂತ ವೈದ್ಯರು ಹೇಳುವುದು ಇದಕ್ಕೇ. ಹಾಗಂತ ಪ್ರೋಟೀನ್ ಬಿಟ್ಟೇಬಿಡಬಾರದು. ಈ ಕಾಯಿಲೆಯಲ್ಲಿ ಮೈ ತೂಕ ಹೇಗೂ ಇಳಿಯುತ್ತಿರುತ್ತದೆ. ಕಬ್ಬಿಣಾಂಶದ ಮಾತ್ರೆಯೂ ಲೆವೊಡೋಪಾಗೆ ಅಂಟಿಕೊಂಡು ಅದನ್ನು ಹೀರದಂತೆ ಮಾಡುತ್ತದೆ. ಎರಡರ ನಡುವೆ ಕೆಲವು ಗಂಟೆ ಅಂತರ ಇರಲಿ.

ಮೊದಲ ಕೆಲವು ವರ್ಷ ಎಲ್ಲ ಚೆನ್ನಾಗಿ ನಡೆಯುತ್ತದೆ. ಆಮೇಲೆ ಮಾತ್ರೆ ಬೇಗ ಬೇಗ ಇಳಿಯತೊಡಗುತ್ತದೆ. ಯಾಕೆ? ಮನೆ ಮೇಲೆ ದೊಡ್ಡ ತೊಟ್ಟಿ ಇದ್ದರೆ ನಲ್ಲಿಯಲ್ಲಿ ನೀರು ಯಾವಾಗ ಬಂದರೂ ಚಿಂತೆ ಇಲ್ಲ. ತೊಟ್ಟಿ ಇಲ್ಲದ ಮನೆಯಲ್ಲಿ ನಲ್ಲಿ ನಿಂತ ತಕ್ಷಣ ನೀರೂ ನಿಂತಿತು. ಉಳಿದಿರುವ ನರಕೋಶಗಳೇ ಆ ತೊಟ್ಟಿ. ಅವು ಬಂದ ಡೋಪಮಿನ್ನನ್ನು ಕೂಡಿಟ್ಟು, ಬೇಕಾದಾಗ ಬಿಡುತ್ತವೆ. ರಕ್ತದಲ್ಲಿ ಲೆವೊಡೋಪಾ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕೂಡಿಡುವ ಕೋಶಗಳು ಕಡಿಮೆಯಾದ ಹಾಗೆ ರೋಗಿಯ ಮೈ ಈ ಏರಿಳಿತವನ್ನೇ ಅನುಸರಿಸುತ್ತದೆ. ಮಾತ್ರೆ ಏರಿದಾಗ ಮೈ ತಂತಾನೆ ಓಲಾಡುವುದು, ಇಳಿದಾಗ ಕಲ್ಲಾಗುವುದು. ವೈದ್ಯರು ಆನ್, ಆಫ್ ಅಂತ ಕರೆಯುವ ಸ್ಥಿತಿ ಇದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದರಿಂದ ತುಂಬಾ ಜನ ಸುಮ್ನೆ ನರಳುತ್ತಾರೆ ಅಂತ ನನಗೆ ಬೇಸರ. "ಲೆವೊಡೋಪಾ ಐದೇ ವರ್ಷ ಕೆಲಸ ಮಾಡೋದು, ಅದಕ್ಕೇ ಆದಷ್ಟು ತಡವಾಗಿ ಶುರು ಮಾಡೋಣ" ಅನ್ನುವ ಮಾತು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿತು. ಘಾನಾದವರಿಗೆ ಔಷಧಿ ಸಿಕ್ಕಿದ್ದೇ ವರ್ಷಗಟ್ಟಲೆ ತಡವಾಗಿ. ಆದರೂ ಕಾಯಿಲೆ ಶುರುವಾಗಿ ಹೆಚ್ಚೂಕಮ್ಮಿ ಅಷ್ಟೇ ವರ್ಷಕ್ಕೆ ಅವರಲ್ಲೂ ಏರಿಳಿತ ಕಾಣಿಸಿತು. ಅಂದರೆ ಇದನ್ನು ತರುವುದು ಕಾಯಿಲೆಯ ವಯಸ್ಸು ಮತ್ತು ಡೋಸ್‌ನ ಪ್ರಮಾಣ. ಎಷ್ಟು ವರ್ಷದಿಂದ ಮಾತ್ರೆ ತಗೊಳ್ಳುತ್ತಿದ್ದೀರಿ ಅನ್ನುವುದಲ್ಲ. ಬೇಕಾದಾಗ ಮಾತ್ರೆ ತಗೊಳ್ಳದೆ ಉಳಿಸಿಟ್ಟರೆ ಕೈಗೆ ಬರುವುದು ಏನೂ ಇಲ್ಲ. ಗುಂಡಿ ಹಾಕಿಕೊಳ್ಳಲಾಗದ ವರ್ಷಗಳು ಮಾತ್ರ.

ಮಾತ್ರೆಗೆ ವಿಳಾಸ ಗೊತ್ತಿಲ್ಲ

ಈಗ ಎಳೆದಾಟದ ವಿಷಯಕ್ಕೆ ಬರೋಣ. ಮೆದುಳು ಹಲವು ಕೋಣೆಗಳ ಮನೆ ಅಂತ ಇಟ್ಟುಕೊಳ್ಳಿ. ಪಾರ್ಕಿನ್ಸನ್‌ನಲ್ಲಿ ಚಲನೆಯ ಕೋಣೆಯಲ್ಲಿ ಡೋಪಮಿನ್ ಬತ್ತಿದೆ. ಆಸೆ, ಖುಷಿ, ಬಹುಮಾನ ಇವುಗಳ ಕೋಣೆಯಲ್ಲಿ ಇನ್ನೂ ಸಾಕಷ್ಟು ಇದೆ. ಮಾತ್ರೆ ನುಂಗಿದರೆ ಅದು ಎರಡೂ ಕೋಣೆಗೆ ಹೋಗುತ್ತದೆ. ಬತ್ತಿದ ಕಡೆ ಒರತೆ, ತುಂಬಿದ ಕಡೆ ಪ್ರವಾಹ.

ಇದು ಎದ್ದು ಕಾಣುವುದು ಡೋಪಮಿನ್ ಅಗೊನಿಸ್ಟ್ ಅನ್ನುವ ಗುಂಪಿನಲ್ಲಿ. ಪ್ರಮಿಪೆಕ್ಸೋಲ್, ರೋಪಿನಿರೋಲ್, ಚರ್ಮಕ್ಕೆ ಅಂಟಿಸುವ ರೋಟಿಗೋಟಿನ್ ಈ ಗುಂಪಿನವು. ಇವು ಡೋಪಮಿನ್ ಆಗಿ ಬದಲಾಗುವುದಿಲ್ಲ, ಡೋಪಮಿನ್ ವೇಷದಲ್ಲಿ ಕೆಲಸ ಮಾಡುತ್ತವೆ. ಚಿಕ್ಕ ವಯಸ್ಸಿನ ರೋಗಿಗಳಿಗೆ ಒಳ್ಳೆಯ ಔಷಧಿಗಳೇ. ಆದರೆ ಕೆಲವರು ಇದ್ದಕ್ಕಿದ್ದ ಹಾಗೆ ಜೂಜಿಗೆ ಬೀಳುತ್ತಾರೆ. ಬೇಡದ್ದನ್ನೆಲ್ಲ ಕೊಂಡು ರಾಶಿ ಹಾಕುತ್ತಾರೆ. ತಡೆಯಲಾಗದ ಹಾಗೆ ತಿನ್ನುತ್ತಾರೆ. ಕಾಮದ ಬಯಕೆ ಮಿತಿಮೀರುತ್ತದೆ. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಔಷಧಿ ತಗೊಳ್ಳುವವರ ಪೈಕಿ ಸುಮಾರು ಶೇ 17 ಮಂದಿಗೆ ಇಂಥ ಯಾವುದಾದರೂ ಒಂದು ತೊಂದರೆ ಇತ್ತು. ತಗೊಳ್ಳದ ರೋಗಿಗಳಲ್ಲಿ ಸುಮಾರು ಶೇ 7. ಮನೆಯವರು "ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು" ಅಂತ ಬೈಯುತ್ತಾರೆ. ರೋಗಿ ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ದಯವಿಟ್ಟು ಇದನ್ನು ನಡತೆಯ ದೋಷ ಅಂದುಕೊಳ್ಳಬೇಡಿ. ಡೋಸ್ ಇಳಿಸಿದರೆ, ನಿಲ್ಲಿಸಿದರೆ ಬಹಳಷ್ಟು ಮಂದಿಯಲ್ಲಿ ಹೋಗುತ್ತದೆ. ವೈದ್ಯರಿಗೆ ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇಲ್ಲ.

ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕದ ಕಥೆ ಇನ್ನೂ ತಿರುವುಮುರುವು. ಚಲನೆಯ ಕೋಣೆಯಲ್ಲಿ ಡೋಪಮಿನ್ ಕಮ್ಮಿಯಾದಾಗ ಇದರ ಕೈ ಮೇಲಾಗುತ್ತದೆ, ನಡುಕ ಜಾಸ್ತಿಯಾಗುತ್ತದೆ. ನೆನಪು ಮತ್ತು ಗಮನದ ಕೋಣೆಯಲ್ಲಿ ಅದೇ ರಾಸಾಯನಿಕ ಬತ್ತುತ್ತಿರುತ್ತದೆ. ಒಂದೇ ವಸ್ತು, ಇಲ್ಲಿ ಜಾಸ್ತಿ, ಅಲ್ಲಿ ಕಮ್ಮಿ. ಟ್ರೈಹೆಕ್ಸಿಫೆನಿಡಿಲ್ ಅನ್ನುವ ಹಳೆಯ ಮಾತ್ರೆ ಅಸಿಟೈಲ್‌ಕೋಲಿನ್ನನ್ನು ತಡೆಯುತ್ತದೆ. ನಡುಕ ಇಳಿಯುತ್ತದೆ. ನೆನಪೂ ಇಳಿಯುತ್ತದೆ. ಜೊತೆಗೆ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು. ಎಪ್ಪತ್ತು ದಾಟಿದವರ ಚೀಟಿಯಲ್ಲಿ ಈ ಹೆಸರು ಕಂಡರೆ "ಇದು ಇನ್ನೂ ಬೇಕಾ ಡಾಕ್ಟ್ರೇ?" ಅಂತ ಕೇಳಲು ಹಿಂಜರಿಯಬೇಡಿ.

ಉಳಿದ ಮಾತ್ರೆಗಳ ಬಗ್ಗೆ ಎರಡೆರಡು ಮಾತು ಸಾಕು. ರಸಾಜಿಲಿನ್, ಸೆಲಿಜಿಲಿನ್, ಸಫಿನಮೈಡ್ ಇವು ಮೆದುಳಿನಲ್ಲಿ ಡೋಪಮಿನ್ ಬೇಗ ಕರಗದ ಹಾಗೆ ನೋಡಿಕೊಳ್ಳುತ್ತವೆ. ಎಂಟಾಕಪೋನ್, ಒಪಿಕಪೋನ್ ಲೆವೊಡೋಪಾದ ಆಯುಸ್ಸು ಹಿಗ್ಗಿಸುತ್ತವೆ. ಎಂಟಾಕಪೋನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅಮಾಂಟಡಿನ್ ಫ್ಲೂಗೆ ಬಂದ ಔಷಧಿ. 1968ರಲ್ಲಿ ಪಾರ್ಕಿನ್ಸನ್ ಇದ್ದ ಮಹಿಳೆಯೊಬ್ಬರು ಫ್ಲೂಗೆ ಅಂತ ತಗೊಂಡಾಗ ಮೈ ಬಿಗಿತ, ನಡುಕ ಕಡಿಮೆಯಾಯಿತು ಅಂತ ಹೇಳಿದ್ದರಿಂದ ಇದು ಈ ಕಡೆ ಬಂತು. ಈಗ ಮೈ ಓಲಾಟ ತಗ್ಗಿಸಲು ಕೊಡುತ್ತಾರೆ. ವಯಸ್ಸಾದವರಲ್ಲಿ ಭ್ರಮೆ ತರುವ ಗುಣ ಇದಕ್ಕೂ ಇದೆ.

ಮರೆವು ಎಲ್ಲಿಂದ ಬಂತು

ಪಾರ್ಕಿನ್ಸನ್ ಇರುವ ಎಲ್ಲರಿಗೂ ಮರೆವಿನ ಕಾಯಿಲೆ ಬರುವುದಿಲ್ಲ. ಆದರೆ ವರ್ಷಗಳು ಕಳೆದ ಹಾಗೆ ಸಾಧ್ಯತೆ ಏರುತ್ತದೆ. ಸಿಡ್ನಿಯಲ್ಲಿ ಹೊಸ ರೋಗಿಗಳ ಒಂದು ಗುಂಪನ್ನು 20 ವರ್ಷ ಹಿಂಬಾಲಿಸಿದಾಗ, ಅಷ್ಟು ವರ್ಷ ಬದುಕಿದ್ದವರಲ್ಲಿ ಶೇ 83 ಮಂದಿಗೆ ಡಿಮೆನ್ಷಿಯಾ ಇತ್ತು. ಕಾರಣ, 1912ರಲ್ಲಿ ಫ್ರಿಟ್ಜ್ ಲೆವಿ ಸೂಕ್ಷ್ಮದರ್ಶಕದಲ್ಲಿ ಕಂಡ ಪ್ರೋಟೀನ್ ಉಂಡೆಗಳು. ಲೆವಿ ಬಾಡಿ ಅಂತ ಅವುಗಳಿಗೆ ಅವರದೇ ಹೆಸರು. ಒಳಗಿರುವ ಪ್ರೋಟೀನ್ ಆಲ್ಫಾ ಸಿನ್ಯೂಕ್ಲಿನ್ ಅಂತ 1997ರಲ್ಲಿ ಗೊತ್ತಾಯಿತು. ಈ ಉಂಡೆಗಳು ಚಲನೆಯ ಕೋಶಗಳಲ್ಲೇ ನಿಲ್ಲದೆ ಮೆದುಳಿನ ಮೇಲುಭಾಗಕ್ಕೂ ಹಬ್ಬಿದಾಗ ಯೋಚನೆ, ಗಮನ, ನೋಟ ಎಲ್ಲ ಕುಂದುತ್ತವೆ.

ನಡುಕ ಮತ್ತು ಬಿಗಿತ ಬಂದು ಒಂದು ವರ್ಷಕ್ಕಿಂತ ಜಾಸ್ತಿ ಆದ ಮೇಲೆ ಮರೆವು ಬಂದರೆ ಪಾರ್ಕಿನ್ಸನ್ ಡಿಮೆನ್ಷಿಯಾ ಅನ್ನುತ್ತಾರೆ. ಮರೆವು ಮೊದಲೇ ಬಂದಿದ್ದರೆ, ಅಥವಾ ಆ ಒಂದು ವರ್ಷದ ಒಳಗೇ ಬಂದರೆ ಲೆವಿ ಬಾಡಿ ಡಿಮೆನ್ಷಿಯಾ. ಹೆಸರು ಬೇರೆಯಾದರೂ ಔಷಧಿಯ ಲೆಕ್ಕ ಹೆಚ್ಚೂಕಮ್ಮಿ ಒಂದೇ.

ಆಲ್ಜೈಮರ್‌ನಲ್ಲಿ ನಿನ್ನೆ ಮೊನ್ನೆಯದು ಮರೆಯುವುದು ಮುಂದೆ ನಿಲ್ಲುತ್ತದೆ. ಇಲ್ಲಿ ಹಾಗಲ್ಲ. ಗಮನ ಜಾರುತ್ತದೆ, ಯೋಚನೆ ನಿಧಾನವಾಗುತ್ತದೆ. ಬೆಳಗ್ಗೆ ಲೆಕ್ಕ ಸರಿಯಾಗಿ ಹೇಳಿದವರು ಮಧ್ಯಾಹ್ನ ಮಂಕಾಗಿ ಕೂರುತ್ತಾರೆ. ಇಲ್ಲದ್ದು ಕಣ್ಣಿಗೆ ಕಾಣುತ್ತದೆ: ಮಕ್ಕಳು, ಪ್ರಾಣಿಗಳು, ಮೌನವಾಗಿ ನಿಂತ ಅಪರಿಚಿತರು. ನಿದ್ದೆಯಲ್ಲಿ ಕನಸಿಗೆ ತಕ್ಕ ಹಾಗೆ ಕೈಕಾಲು ಆಡಿಸುವುದು, ಕೂಗುವುದು ಕಾಯಿಲೆಗೆ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು.

ಈ ಡಿಮೆನ್ಷಿಯಾಗೆ ಒಳ್ಳೆಯ ಪುರಾವೆ ಇರುವ ಔಷಧಿ ರಿವಾಸ್ಟಿಗ್ಮಿನ್. ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದ ಹಾಗೆ ಇದು ತಡೆಯುತ್ತದೆ. ಟ್ರೈಹೆಕ್ಸಿಫೆನಿಡಿಲ್ ಮಾಡುವುದಕ್ಕೆ ಸರಿಯಾಗಿ ಉಲ್ಟಾ. ಇವೆರಡನ್ನೂ ಒಟ್ಟಿಗೆ ಕೊಡುವುದು ಅಂದರೆ ಒಂದು ಕಾಲು ಬ್ರೇಕಿನ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ ಇಟ್ಟ ಹಾಗೆ. ಹಾಗಿದ್ದರೂ ಒಂದೇ ಚೀಟಿಯಲ್ಲಿ ಎರಡೂ ಇರುವುದುಂಟು. ನಡುಕಕ್ಕೆ ಒಬ್ಬ ವೈದ್ಯರು ಬರೆದಿರುತ್ತಾರೆ, ಮರೆವಿಗೆ ಇನ್ನೊಬ್ಬರು. ಇಬ್ಬರ ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಮನೆಯವರಿಗೇ ಉಳಿಯುತ್ತದೆ.

ರಿವಾಸ್ಟಿಗ್ಮಿನ್‌ನಿಂದ ಎಷ್ಟು ಗುಣ ಸಿಗುತ್ತದೆ? 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 541 ರೋಗಿಗಳನ್ನು 24 ವಾರ ನೋಡಿದರು. ಕಣ್ಣಿಗೆ ಕಾಣುವಷ್ಟು ಸುಧಾರಿಸಿದವರು ಔಷಧಿ ತಗೊಂಡವರಲ್ಲಿ ಸುಮಾರು ಶೇ 20, ಹೋಲಿಕೆಗೆ ಅಂತ ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ ಶೇ 14.5. ಎದ್ದು ಕಾಣುವಷ್ಟು ಕೆಟ್ಟವರು ಔಷಧಿ ಗುಂಪಿನಲ್ಲಿ ಶೇ 13, ಇನ್ನೊಂದರಲ್ಲಿ ಶೇ 23. ಈ ಎರಡನೇ ಲೆಕ್ಕವೇ ನನಗೆ ಮುಖ್ಯ ಅನಿಸುತ್ತದೆ. ಕಳೆದದ್ದು ವಾಪಸ್ ಬರುತ್ತದೆ ಅಂತ ಕಾದರೆ ನಿರಾಸೆ ಆಗುತ್ತದೆ. ಇರುವುದು ಸ್ವಲ್ಪ ಕಾಲ ಉಳಿಯುತ್ತದೆ ಅಂತ ಕೊಟ್ಟರೆ ಅದಕ್ಕೆ ಅರ್ಥ ಇದೆ. ಗಮನ ಚುರುಕಾಗಿ, ಇಲ್ಲದ್ದು ಕಾಣುವುದು ಕಡಿಮೆಯಾದರೆ ಮನೆಯ ದಿನವೇ ಬದಲಾಗುತ್ತದೆ. ಅದೇ ಪ್ರಯೋಗದಲ್ಲಿ ನಡುಕ ಹೆಚ್ಚಾಯಿತು ಅಂದವರು ಔಷಧಿ ಗುಂಪಿನಲ್ಲಿ ಸುಮಾರು ಶೇ 10, ಇನ್ನೊಂದರಲ್ಲಿ ಶೇ 4. ಕೋಣ ನೀರಿಗೆ ಎಳೆಯುವುದು ಅಂದರೆ ಇದೇ.

ಹೊಟ್ಟೆ ತೊಳಸುವುದು, ವಾಂತಿ ಇದರ ದೊಡ್ಡ ತೊಂದರೆ. ಅದಕ್ಕೇ ಡೋಸ್ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಹೊಟ್ಟೆಯ ತೊಂದರೆ ಕಡಿಮೆ. ಪಟ್ಟಿ ಹಚ್ಚುವಾಗ ಒಂದು ಎಚ್ಚರ ಬೇಕೇ ಬೇಕು. 24 ಗಂಟೆಗೆ ಒಂದೇ ಪಟ್ಟಿ. ನಿನ್ನೆಯದನ್ನು ಕಿತ್ತ ಮೇಲೆ, ಬೇರೆ ಜಾಗದಲ್ಲಿ ಹೊಸದು. ಬೆನ್ನ ಮೇಲಿದ್ದ ಹಳೆಯ ಪಟ್ಟಿಯನ್ನು ತೆಗೆಯಲು ಮರೆತು ಹೊಸದನ್ನು ಹಚ್ಚಿ, ಡೋಸ್ ಮಿತಿಮೀರಿದ ಪ್ರಕರಣಗಳಿವೆ. ಪಟ್ಟಿಯ ಮೇಲೆ ಪೆನ್ನಿನಲ್ಲಿ ತಾರೀಖು ಬರೆದುಬಿಟ್ಟರೆ ಈ ಗೊಂದಲ ಇರುವುದಿಲ್ಲ. ಈ ಔಷಧಿ ಹೃದಯದ ಬಡಿತವನ್ನೂ ನಿಧಾನ ಮಾಡಬಹುದು. ರೋಗಿ ಇದ್ದಕ್ಕಿದ್ದ ಹಾಗೆ ಕುಸಿದು ಬಿದ್ದರೆ ಅದನ್ನು ಪಾರ್ಕಿನ್ಸನ್ ತಲೆಗೆ ಕಟ್ಟುವ ಮೊದಲು ಇಸಿಜಿ ಮಾಡಿಸಿ.

ಡೊನೆಪೆಜಿಲ್ ಇದೇ ಗುಂಪಿನದು, ದಿನಕ್ಕೊಂದು ಮಾತ್ರೆ. ರಾತ್ರಿ ತಗೊಂಡು ಕೆಟ್ಟ ಕನಸು ಬಿದ್ದರೆ ವೈದ್ಯರನ್ನು ಕೇಳಿ ಬೆಳಗ್ಗೆಗೆ ಬದಲಾಯಿಸಬಹುದು. ಮೆಮಾಂಟಿನ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಫಲ ಸಾಧಾರಣ. ಇತ್ತೀಚೆಗೆ ಸುದ್ದಿಯಲ್ಲಿರುವ ಲೆಕನೆಮಾಬ್, ಡೊನನೆಮಾಬ್ ಚುಚ್ಚುಮದ್ದುಗಳು ಅಮಿಲಾಯ್ಡ್ ಎಂಬ ಬೇರೆ ಪ್ರೋಟೀನ್ ತೆಗೆಯುವಂಥವು. ಅವು ಆರಂಭದ ಹಂತದ ಆಲ್ಜೈಮರ್‌ಗೆ ಮಾತ್ರ. ಪಾರ್ಕಿನ್ಸನ್ ಡಿಮೆನ್ಷಿಯಾಗೆ ಅಲ್ಲ.

ಮೂಲೆಯಲ್ಲಿ ಮಗು ಕಂಡಾಗ

ಭ್ರಮೆ ಶುರುವಾಯಿತು ಅಂದರೆ ಹೊಸ ಮಾತ್ರೆ ಬರೆಸುವುದು ಕೊನೆಯ ಹೆಜ್ಜೆ. ಮೊದಲು ನೋಡಬೇಕಾದ್ದು ಮೈಯನ್ನು. ಮೂತ್ರದ ಸೋಂಕು ಇದೆಯಾ? ನೀರು ಕಮ್ಮಿ ಕುಡಿಯುತ್ತಿದ್ದಾರಾ? ನಾಲ್ಕು ದಿನದಿಂದ ಮಲ ಹೋಗಿಲ್ವಾ? ಕಣ್ಣಿನ ಪೊರೆ ಬಲಿತಿದೆಯಾ? ಈಚೆಗೆ ಬೇರೆ ಏನಾದರೂ ಮಾತ್ರೆ ಶುರು ಮಾಡಿದ್ದಾರಾ? ನಿದ್ದೆಗೆ, ನೆಗಡಿಗೆ, ಮೂತ್ರ ತಡೆಯುವುದಕ್ಕೆ ಕೊಡುವ ಎಷ್ಟೋ ಮಾತ್ರೆಗಳು ಅಸಿಟೈಲ್‌ಕೋಲಿನ್ ತಡೆಯುವಂಥವು. ಕ್ಲೋರ್‌ಫೆನಿರಮಿನ್, ಆಕ್ಸಿಬ್ಯುಟಿನಿನ್, ಅಮಿಟ್ರಿಪ್ಟಿಲಿನ್ ಈ ಪೈಕಿ. ಸಾಮಾನ್ಯ ಅಂತ ಕಾಣುವ ನೆಗಡಿ ಮಾತ್ರೆ ಇಂಥವರ ತಲೆಯನ್ನು ಎರಡು ದಿನ ಕಲಕಿಬಿಡಬಲ್ಲದು.

ಇವೆಲ್ಲ ಸರಿ ಇದ್ದರೆ ಪಾರ್ಕಿನ್ಸನ್ ಮಾತ್ರೆಗಳನ್ನೇ ಒಂದೊಂದಾಗಿ ಇಳಿಸುತ್ತಾರೆ. ಅದಕ್ಕೊಂದು ಕ್ರಮ ಇದೆ. ತಲೆಗೆ ಜಾಸ್ತಿ ತೊಂದರೆ ಕೊಟ್ಟು ಮೈಗೆ ಕಮ್ಮಿ ಉಪಕಾರ ಮಾಡುವುದು ಮೊದಲು ಹೋಗಬೇಕು. ಹಾಗಾಗಿ ಸಾಮಾನ್ಯವಾಗಿ ಮೊದಲು ಟ್ರೈಹೆಕ್ಸಿಫೆನಿಡಿಲ್ ಥರದವು, ಆಮೇಲೆ ಅಮಾಂಟಡಿನ್, ಆಮೇಲೆ ಅಗೊನಿಸ್ಟ್‌ಗಳು, ಆಮೇಲೆ ರಸಾಜಿಲಿನ್ ಗುಂಪು, ಎಂಟಾಕಪೋನ್ ಗುಂಪು. ಲೆವೊಡೋಪಾ ಕೊನೆಗೆ. ಎಲ್ಲ ಬಿಟ್ಟು ಬರೀ ಲೆವೊಡೋಪಾ ಮೇಲೆ, ಸಾಧ್ಯವಾದಷ್ಟು ಕಡಿಮೆ ಡೋಸ್‌ನಲ್ಲಿ ನಿಲ್ಲುವುದು ಈ ಹಂತದ ಗುರಿ. ಇದನ್ನು ಮನೆಯಲ್ಲೇ ಮಾಡಬಾರದು. ಪಾರ್ಕಿನ್ಸನ್ ಮಾತ್ರೆ ಹಠಾತ್ತಾಗಿ ನಿಲ್ಲಿಸಿದರೆ ಜ್ವರ ಏರಿ, ಮೈ ಮರದ ಹಾಗೆ ಬಿಗಿದು, ಪ್ರಾಣಕ್ಕೇ ಅಪಾಯ ಬರಬಹುದು.

ಮೂಲೆಯ ಮಗು ರೋಗಿಗೆ ಹೆದರಿಕೆ ತರದಿದ್ದರೆ, ಅದು ನಿಜ ಅಲ್ಲ ಅಂತ ಅವರಿಗೇ ಗೊತ್ತಿದ್ದರೆ, ಅದನ್ನು ಅಲ್ಲೇ ಬಿಡಬಹುದು. ಎಲ್ಲ ಭ್ರಮೆಗೂ ಮಾತ್ರೆ ಬೇಕಿಲ್ಲ. ಅದೇ ಹೆದರಿಕೆ, ಸಂಶಯ, ಜಗಳಕ್ಕೆ ತಿರುಗಿದರೆ, ಮಾತ್ರೆ ಇಳಿಸಿದರೂ ಹೋಗದಿದ್ದರೆ, ಆಗ ಮನೋಭ್ರಮೆಯ ಔಷಧಿ ಬರುತ್ತದೆ. ಇಲ್ಲಿ ತಪ್ಪು ಆಯ್ಕೆ ಜೀವ ತೆಗೆಯಬಹುದು. ಹೆಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಡೋಪಮಿನ್‌ಗೆ ಅಡ್ಡ ನಿಲ್ಲುವ ಔಷಧಿಗಳು. ಮೊದಲೇ ಡೋಪಮಿನ್ ಇಲ್ಲದ ಮೆದುಳಿಗೆ ಇದು ಸಿಡಿಲು. ನಡೆಯುತ್ತಿದ್ದವರು ಹಾಸಿಗೆ ಹಿಡಿಯುತ್ತಾರೆ, ನುಂಗಲಾಗುವುದಿಲ್ಲ, ಪ್ರಜ್ಞೆ ಮಂಕಾಗುತ್ತದೆ. ಲೆವಿ ಬಾಡಿ ಡಿಮೆನ್ಷಿಯಾ ಇರುವವರಲ್ಲಿ ಇಷ್ಟೆಲ್ಲ ಅನಾಹುತ ಆಗಲು ಒಂದೆರಡು ಡೋಸ್ ಸಾಕು.

ಇವರಿಗೆ ಹೊಂದುವುದು ಕ್ಲೋಜಪಿನ್ ಮತ್ತು ಕ್ವೆಟಿಯಪಿನ್, ಅದೂ ತೀರಾ ಸಣ್ಣ ಡೋಸ್‌ನಲ್ಲಿ. ಕ್ಲೋಜಪಿನ್‌ಗೆ ಗಟ್ಟಿ ಪುರಾವೆ ಇದೆ. ಆದರೆ ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಪದೇ ಪದೇ ರಕ್ತ ಪರೀಕ್ಷೆ ಬೇಕು. ಕ್ವೆಟಿಯಪಿನ್‌ಗೆ ಪುರಾವೆ ಕಡಿಮೆ, ಬಳಸುವುದು ಸುಲಭ. ಡೋಪಮಿನ್ ಮುಟ್ಟದ ಪಿಮವನ್ಸೆರಿನ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದೆ. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಈ ಬಗೆಯ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧಿ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಹಾಗಾಗಿ ಸ್ವಲ್ಪ ಡೋಸ್, ಸ್ವಲ್ಪ ದಿನ, ಮತ್ತೆ ಮತ್ತೆ "ಇನ್ನೂ ಬೇಕಾ?" ಅನ್ನುವ ಪ್ರಶ್ನೆ.

ಇದೇ ಎಚ್ಚರ ವಾಂತಿಯ ಔಷಧಿಗೂ ಬೇಕು. ಮೆಟೊಕ್ಲೋಪ್ರಮೈಡ್ ಮತ್ತು ಪ್ರೋಕ್ಲೋರ್‌ಪೆರಜಿನ್ ಬೇಲಿ ದಾಟಿ ಮೆದುಳಿನ ಡೋಪಮಿನ್ನನ್ನೂ ತಡೆಯುತ್ತವೆ. ಡೊಂಪೆರಿಡೋನ್ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ಆದ್ದರಿಂದ ಪಾರ್ಕಿನ್ಸನ್‌ನಲ್ಲಿ ಅದನ್ನೇ ಆರಿಸುತ್ತಾರೆ, ಹೃದಯದ ತೊಂದರೆ ಇದ್ದವರಲ್ಲಿ ನೋಡಿಕೊಂಡು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್ ತಾವೇ ಪಾರ್ಕಿನ್ಸನ್ ಥರದ ಲಕ್ಷಣ ತರಬಲ್ಲವು. ಯಾರಿಗಾದರೂ ಹೊಸದಾಗಿ ನಡುಕ, ಬಿಗಿತ ಕಾಣಿಸಿದರೆ ಕಾಯಿಲೆಯ ಹೆಸರಿಡುವ ಮೊದಲು ಮಾತ್ರೆ ಡಬ್ಬ ತೆರೆದು ನೋಡಬೇಕು.

ಆಸ್ಪತ್ರೆಗೆ ಸೇರಿದಾಗ

ಕಾಲು ಮುರಿದೋ ಜ್ವರ ಬಂದೋ ಆಸ್ಪತ್ರೆಗೆ ಸೇರಿದಾಗ ಇವರ ದಿನಚರಿ ತಪ್ಪುತ್ತದೆ. ಮನೆಯಲ್ಲಿ 6.30, 10, 1.30, 5 ಅಂತ ಹೋಗುತ್ತಿದ್ದ ಮಾತ್ರೆ ಅಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಆಗಿಬಿಡುತ್ತದೆ. ತೊಟ್ಟಿ ಇಲ್ಲದ ಮನೆಗೆ ನೀರು ಮೂರು ಗಂಟೆ ತಡವಾದರೆ ಏನಾಗಬೇಕೋ ಅದೇ ಆಗುತ್ತದೆ. ಬ್ರಿಟನ್ನಿನಲ್ಲಿ ಈ ಬಗ್ಗೆ ನಿಯಮವೇ ಇದೆ: ಆಸ್ಪತ್ರೆಯಲ್ಲಿದ್ದರೂ ಲೆವೊಡೋಪಾ ಅವರವರ ಸಮಯದ 30 ನಿಮಿಷದ ಒಳಗೆ ಸಿಗಬೇಕು. ಎಲ್ಲಿದ್ದರೂ ಇದನ್ನು ಕೇಳಿ ಪಡೆಯಬಹುದು. ಮಾತ್ರೆಯ ಹೆಸರು, ಡೋಸ್, ಗಂಟೆ ಬರೆದ ಚೀಟಿಯ ಕೆಳಗೆ 'ಹೆಲೊಪೆರಿಡಾಲ್ ಬೇಡ, ಮೆಟೊಕ್ಲೋಪ್ರಮೈಡ್ ಬೇಡ' ಅಂತ ದಪ್ಪಕ್ಷರದಲ್ಲಿ ಬರೆದು ರೋಗಿಯ ಜೊತೆಗೇ ಇಡಿ. ರಾತ್ರಿ ಗಲಾಟೆ ಮಾಡುತ್ತಾರೆ ಅಂತ ಚುಚ್ಚುಮದ್ದು ಕೊಡಲು ಬರುವ ಹೊತ್ತಿಗೆ ಮನೆಯವರು ಅಲ್ಲಿರುತ್ತಾರೆ ಅಂತ ಹೇಳಲಾಗುವುದಿಲ್ಲ. ಚೀಟಿ ಇರುತ್ತದೆ. ಬಾಯಿಂದ ನುಂಗಲಾಗದ ಸ್ಥಿತಿ ಬಂದರೆ ಮಾತ್ರೆ ಬಿಡಿಸುವ ಬದಲು ಮೂಗಿನ ನಳಿಗೆ ಅಥವಾ ರೋಟಿಗೋಟಿನ್ ಪಟ್ಟಿಯ ದಾರಿ ಇದೆ, ಕೇಳಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡುವುದು ಒಳ್ಳೆಯದು. ವೈದ್ಯರ ಮುಂದೆ ಕೂತಾಗ "ಹೇಗಿದ್ದಾರೆ?" ಅಂದರೆ "ಪರವಾಗಿಲ್ಲ, ಒಂದೊಂದ್ಸಲ ಜಾಸ್ತಿ" ಅನ್ನುತ್ತೇವೆ. ಅದರಿಂದ ಯಾವ ಮಾತ್ರೆ ಇಳಿಸಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಮಾತ್ರೆ ಕೊಟ್ಟ ಗಂಟೆ, ಮೈ ಸಡಿಲವಾದ ಗಂಟೆ, ಮತ್ತೆ ಬಿಗಿದ ಗಂಟೆ, ತಲೆ ಕಲಕಿದ ಗಂಟೆ, ಇಷ್ಟು ಸಾಕು. ಒಂದು ವಾರದ ಪುಟಗಳನ್ನು ನೋಡಿದರೆ ಏರಿಗೆ ಎಳೆಯುತ್ತಿರುವುದು ಯಾವುದು, ನೀರಿಗೆ ಎಳೆಯುತ್ತಿರುವುದು ಯಾವುದು ಅಂತ ವೈದ್ಯರು ಬೆರಳಿಟ್ಟು ತೋರಿಸಬಲ್ಲರು. ರೋಗಿಗೆ ತಿಳಿವಳಿಕೆ ಇನ್ನೂ ಇರುವಾಗಲೇ ಇನ್ನೊಂದು ಮಾತು ಕೇಳಿ, ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ: "ಅಪ್ಪಾ, ಕೈ ಸ್ವಲ್ಪ ಜಾಸ್ತಿ ನಡುಗಿದರೂ ತಲೆ ತಿಳಿಯಾಗಿರೋದು ಬೇಕಾ, ಅಥವಾ ಮೂಲೆಯಲ್ಲಿ ಯಾರೋ ಕಂಡರೂ ಪರವಾಗಿಲ್ಲ, ನಿಮ್ಮ ಕಾಲ ಮೇಲೆ ನೀವು ನಡೆಯೋದು ಬೇಕಾ?" ಉತ್ತರ ಮನೆಯಿಂದ ಮನೆಗೆ ಬೇರೆ. ಕೆಲವರು ನಡಿಗೆ ಅನ್ನುತ್ತಾರೆ. ಗುಂಡಿ ಹಾಕಲು ಮಗಳಿದ್ದಾಳಲ್ಲ, ಅವಳ ಹೆಸರು ನೆನಪಿದ್ದರೆ ಸಾಕು ಅನ್ನುವವರೂ ಇದ್ದಾರೆ.